ಕಲ್ಚರ್ ರಿಪೋರ್ಟ್ ಕೈಗೆ ಬಂದಾಗ: ಕಾಸರಗೋಡಿನ ಮನೆಮಂದಿಗೆ ಒಂದು ಸಮಗ್ರ ಮಾರ್ಗದರ್ಶಿ

ನಮ್ಮ ಕಾಸರಗೋಡಿನ ಮನೆಗಳಲ್ಲಿ ಕಾಯಿಲೆ ಜೋರಾದರೆ ಫೈಲು ಎರಡು ರಾಜ್ಯ ಸುತ್ತುತ್ತದೆ. ಮೊದಲು ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಒಬ್ಬ ಡಾಕ್ಟರು, ಆಮೇಲೆ ಕಾಸರಗೋಡು ಪೇಟೆಯ ಆಸ್ಪತ್ರೆ, ಅಲ್ಲಿಯೂ ಜ್ವರ ಇಳಿಯದಿದ್ದರೆ ಆಂಬುಲೆನ್ಸ್ ಹಿಡಿದು ರಾಜ್ಯದ ಗಡಿ ತಲಪಾಡಿ ದಾಟಿ ಮಂಗಳೂರು ಅಥವಾ ದೇರಳಕಟ್ಟೆ. ಈ ಮೂರು ಕಡೆಯ ಕಂಪ್ಯೂಟರುಗಳು ಒಂದರೊಡನೊಂದು ಮಾತನಾಡುವುದಿಲ್ಲ. ರೋಗಿಯ ಇಡೀ ಕತೆ ಗೊತ್ತಿರುವುದು ಜೊತೆಗೆ ನಿಲ್ಲುವ ಬೈಸ್ಟ್ಯಾಂಡರ್ ಕೈಯಲ್ಲಿರುವ ಪ್ಲಾಸ್ಟಿಕ್ ಫೈಲಿಗೆ ಮಾತ್ರ.

ನಾನು ಹಲವು ವರ್ಷ ಮಂಗಳೂರಿನ ಒಂದು ಮೈಕ್ರೋಬಯಾಲಜಿ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿದ್ದೆ. ಈಗ ಪೆರ್ಲದ ಹತ್ತಿರ ಮನೆಯಲ್ಲಿದ್ದೇನೆ. ನೆರೆಕರೆಯವರು ರಿಪೋರ್ಟ್ ಹಿಡಿದು ಬರುತ್ತಾರೆ: “ಇದರಲ್ಲಿ ಎಂತ ಬರೆದಿದೆ, ಒಮ್ಮೆ ನೋಡಿ.” ಹಾಗೆ ಬಂದ ಒಂದು ಕಾಗದ ನನ್ನನ್ನು ಇದನ್ನು ಬರೆಯುವಂತೆ ಮಾಡಿತು. ಸಕ್ಕರೆ ಕಾಯಿಲೆಯ, ಮೂತ್ರದ ಕೆಥೀಟರ್ (ಮೂತ್ರ ಹೊರಬರಲು ಹಾಕುವ ಟ್ಯೂಬ್) ಹಾಕಿಕೊಂಡಿದ್ದ ಹಿರಿಯರೊಬ್ಬರಿಗೆ ಜ್ವರ ಬಂದು ಒಂದು ಆಸ್ಪತ್ರೆಯಲ್ಲಿ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಇಂಜೆಕ್ಷನ್ ಕೊಟ್ಟರು, ಮೂತ್ರವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಯಾವ ಮದ್ದಿಗೆ ಬಗ್ಗುತ್ತದೆ ಎಂದು ನೋಡುವ ಪರೀಕ್ಷೆಗೆ, ಕಳಿಸಿದರು. ಮೂರನೇ ದಿನ ಜ್ವರ ಕಡಿಮೆಯಾಯಿತು, ಮನೆಗೆ ಕಳಿಸಿದರು. ನಾಲ್ಕನೇ ದಿನ ರಿಪೋರ್ಟ್ ತಯಾರಾಯಿತು, ತರಲು ಯಾರೂ ಹೋಗಲಿಲ್ಲ, ಹೇಳಲು ಯಾರೂ ಫೋನ್ ಮಾಡಲಿಲ್ಲ. ಹತ್ತು ದಿನದ ಮೇಲೆ ನಡುರಾತ್ರಿ ಚಳಿಜ್ವರ. ಗಡಿ ದಾಟಿ ಬೇರೆ ಆಸ್ಪತ್ರೆಗೆ ಸೇರಿಸಿದರೆ ಅಲ್ಲಿ ಮತ್ತೆ ಅದೇ ಸೆಫ್ಟ್ರಿಯಾಕ್ಸೋನ್. ಎರಡು ದಿನ ಹಾಗೆ ಹೋಯಿತು. ಆ ಮದ್ದು ಈ ಬ್ಯಾಕ್ಟೀರಿಯಾಕ್ಕೆ ನಾಟುವುದಿಲ್ಲ ಎಂದು ಬರೆದಿದ್ದ ಕಾಗದ ಹಿಂದಿನ ಆಸ್ಪತ್ರೆಯ ಲ್ಯಾಬಿನಲ್ಲಿಯೇ ಇತ್ತು. ಅವರು ಐಸಿಯು ಕಂಡು ಉಳಿದರು. ಎಲ್ಲರೂ ಹಾಗೆ ಉಳಿಯುವುದಿಲ್ಲ.

ಮದ್ದು ಆರಿಸುವುದು ಡಾಕ್ಟರ ಕೆಲಸ, ಅದನ್ನು ನಾವು ಮಾಡಬಾರದು. ಆದರೆ ಸರಿಯಾದ ಮಾದರಿ ಕೊಡುವುದು, ಕಾಗದ ಕಳೆಯದಂತೆ ನೋಡುವುದು, ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳುವುದು ಮನೆಯವರಿಂದ ಆಗುವ ಕೆಲಸ.

ಮೊದಲು ಒಂದು ತಪ್ಪು ತಿಳಿವಳಿಕೆ

“ಅಪ್ಪನಿಗೆ ಈಗ ಯಾವ ಮದ್ದೂ ಹಿಡಿಯುವುದಿಲ್ಲ” ಎನ್ನುತ್ತಾರೆ. ಅಪ್ಪನ ದೇಹ ಮದ್ದಿಗೆ ಒಗ್ಗಿಹೋದದ್ದಲ್ಲ. ಅವರ ಮೂತ್ರದಲ್ಲೋ ರಕ್ತದಲ್ಲೋ ಇರುವ ಬ್ಯಾಕ್ಟೀರಿಯಾ ಮದ್ದಿಗೆ ಬಗ್ಗದ ಜಾತಿಯದ್ದು. ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಂದೇ ಕಳೆನಾಶಕವನ್ನು ವರ್ಷ ವರ್ಷ ಹೊಡೆದರೆ ಸಾಯುವ ಕಳೆ ಸಾಯುತ್ತದೆ, ಸಾಯದ ನಾಲ್ಕು ಗಿಡ ಉಳಿದು ಮುಂದಿನ ಮಳೆಗಾಲಕ್ಕೆ ತೋಟವಿಡೀ ಅವೇ ಆಗುತ್ತವೆ. ಬ್ಯಾಕ್ಟೀರಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ಪ್ಲಾಸ್ಮಿಡ್ ಎಂಬ ಡಿಎನ್‌ಎಯ ಸಣ್ಣ ಉಂಗುರದ ಮೂಲಕ ಈ ಗುಣವನ್ನು ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟಿಸುತ್ತದೆ. ಕೆಲವು ಮದ್ದನ್ನು ಕತ್ತರಿಸುವ ಕಿಣ್ವ ತಯಾರಿಸುತ್ತವೆ, ಕೆಲವು ಒಳಬಂದ ಮದ್ದನ್ನು ಪಂಪ್ ಮಾಡಿ ಹೊರಹಾಕುತ್ತವೆ, ಕೆಲವು ಮದ್ದು ಕೂರುವ ಜಾಗದ ಆಕಾರವನ್ನೇ ಬದಲಿಸಿಕೊಳ್ಳುತ್ತವೆ.

ಆಸ್ಪತ್ರೆಯಲ್ಲಿ ಇವು ಹೆಚ್ಚಲು ಕಾರಣವಿದೆ. ಅಲ್ಲಿ ಆಂಟಿಬಯೋಟಿಕ್ ಬಳಕೆ ಹೆಚ್ಚು, ಕೆಥೀಟರ್, ವೆಂಟಿಲೇಟರ್ ಟ್ಯೂಬ್‌ನಂಥ ದೇಹದೊಳಗೆ ಹೋಗುವ ದಾರಿಗಳು ಹೆಚ್ಚು, ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ಹೋಗುವ ಕೈಗಳೂ ಹೆಚ್ಚು. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಿಗೆ ಬ್ಯಾಕ್ಟೀರಿಯಾದ ಈ ಪ್ರತಿರೋಧವೇ, ಅಂದರೆ ಮದ್ದಿಗೆ ಬಗ್ಗದ ಗುಣವೇ, ನೇರ ಕಾರಣ ಎಂದು ಅಂದಾಜಿಸಲಾಗಿದೆ.

ಮಾದರಿ ಕೊಡುವ ಹೊತ್ತು

ರಿಪೋರ್ಟ್ ಒಳ್ಳೆಯದಾಗುವುದು, ಕೆಡುವುದು ಇಲ್ಲಿಯೇ. ನಮ್ಮ ಲ್ಯಾಬಿಗೆ ಬಂದ ಎಷ್ಟೋ ಮಾದರಿಗಳನ್ನು ನೋಡಿದ ಕೂಡಲೇ ಉಪಯೋಗವಿಲ್ಲ ಎಂದು ಗೊತ್ತಾಗುತ್ತಿತ್ತು.

ಆಂಟಿಬಯೋಟಿಕ್‌ನ ಮೊದಲ ಡೋಸ್ ದೇಹಕ್ಕೆ ಹೋಗುವ ಮೊದಲೇ ಕಲ್ಚರ್ ತೆಗೆಯಬೇಕು. ಕ್ಯಾಶುವಾಲಿಟಿಯಲ್ಲಿ ನರ್ಸ್ ಇಂಜೆಕ್ಷನ್ ತಯಾರು ಮಾಡುತ್ತಿರುವಾಗ “ಕಲ್ಚರ್ ತೆಗೆದಾಯಿತಾ?” ಎಂದು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಒಂದು ವಿನಾಯಿತಿ ಮಾತ್ರ ಗಟ್ಟಿಯಾಗಿ ನೆನಪಿಡಿ. ರೋಗಿ ತಬ್ಬಿಬ್ಬಾಗಿ ಮಾತನಾಡುತ್ತಿದ್ದರೆ, ಉಸಿರು ಜೋರಾಗಿದ್ದರೆ, ಕೈಕಾಲು ತಣ್ಣಗಾಗಿ ಬಿಪಿ ಇಳಿದಿದ್ದರೆ, ಮೂತ್ರ ಕಡಿಮೆಯಾಗಿದ್ದರೆ ಮದ್ದು ತಡವಾಗಬಾರದು. ಅಂಥ ಹೊತ್ತಿನಲ್ಲಿ ಡಾಕ್ಟರು ಏನು ಮಾಡುತ್ತಾರೋ ಮಾಡಲಿ.

ಮನೆಯಿಂದ ಹೊರಡುವ ಮೊದಲೇ ಪೇಟೆಯಿಂದ ತಂದ ಎರಡು ಮಾತ್ರೆ ನುಂಗಿಸಿದ್ದರೆ ಅದನ್ನು ಮುಚ್ಚಿಡಬೇಡಿ. ಮದ್ದು ಒಳಗಿದ್ದಾಗ ತೆಗೆದ ಮಾದರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯದೇ ಇರಬಹುದು. ಬೆಳವಣಿಗೆ ಇಲ್ಲ ಎಂದು ರಿಪೋರ್ಟ್ ಬಂದರೆ ಸೋಂಕೇ ಇಲ್ಲ ಎಂದು ಅರ್ಥವಾಗುವ ಅಪಾಯವಿದೆ. ಸ್ಟ್ರಿಪ್ ಎಸೆಯದೆ ತೆಗೆದುಕೊಂಡು ಹೋಗಿ ತೋರಿಸಿ.

ರಕ್ತದ ಕಲ್ಚರ್ ಎಂದರೆ ದೊಡ್ಡವರಿಗೆ ಸಾಮಾನ್ಯವಾಗಿ ಎರಡು ಬೇರೆ ಬೇರೆ ಜಾಗದಿಂದ ಚುಚ್ಚಿ, ಒಂದೊಂದು ಬಾಟಲಿಗೆ 8ರಿಂದ 10 ಎಂ.ಎಲ್. ರಕ್ತ. “ಇಷ್ಟು ರಕ್ತ ಯಾಕೆ?” ಎಂದು ಮನೆಯವರು ಜಗಳಕ್ಕೆ ನಿಂತದ್ದನ್ನು ಕಂಡಿದ್ದೇನೆ. ಒಂದು ಎಂ.ಎಲ್. ರಕ್ತದಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ ಕೂಡ ಇಲ್ಲದಿರಬಹುದು, ಅದಕ್ಕೇ ಇಷ್ಟು ಬೇಕು. ಎರಡು ಜಾಗ ಯಾಕೆಂದರೆ, ಚರ್ಮದ ಮೇಲಿನ ನಿರಪರಾಧಿ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಾ ಒಂದು ಬಾಟಲಿಗೆ ಸೇರಿಕೊಂಡರೂ ಎರಡಕ್ಕೂ ಸೇರುವುದು ಅಪರೂಪ. ಎರಡರಲ್ಲಿಯೂ ಒಂದೇ ಬ್ಯಾಕ್ಟೀರಿಯಾ ಬೆಳೆದರೆ ಅದನ್ನು ನಂಬಬಹುದು.

ಮೂತ್ರ: ತೊಳೆದುಕೊಂಡು, ಮೊದಲ ಸ್ವಲ್ಪ ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬ್ ಕೊಟ್ಟ ಡಬ್ಬಿಗೆ ಹಿಡಿಯಬೇಕು. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಿಸಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡಬೇಕು. ಮೇ ತಿಂಗಳ ಸೆಕೆಯಲ್ಲಿ ಮುಳ್ಳೇರಿಯ ಕಡೆಯಿಂದ ಬಸ್ಸಿನಲ್ಲಿ, ಕೈಚೀಲದೊಳಗೆ ಬಂದ ಡಬ್ಬಿಯೊಳಗೆ ಏನಾಗಿರುತ್ತದೆ ಯೋಚಿಸಿ. ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಅನುಕೂಲವಾದ ಬಿಸಿಯಲ್ಲಿ ಸುಮಾರು 20 ನಿಮಿಷಕ್ಕೆ ಎರಡಾಗುತ್ತದೆ. ದಾರಿಯಲ್ಲಿ ಬೆಳೆದದ್ದನ್ನೇ ನಾವು ಎಣಿಸಿ ಸೋಂಕು ಎಂದು ಬರೆದರೆ ಬೇಡದ ಮದ್ದು ಶುರುವಾಗುತ್ತದೆ. ಮನೆ ದೂರವಾದರೆ ಲ್ಯಾಬಿಗೇ ಹೋಗಿ ಅಲ್ಲಿಯೇ ಮಾದರಿ ಕೊಡಿ.

ಕೆಥೀಟರ್ ಇದ್ದವರ ಮಾದರಿಯನ್ನು ನೇತಾಡುವ ಬ್ಯಾಗಿನಿಂದ ಯಾವತ್ತೂ ಹಿಡಿಯಬಾರದು. ಬ್ಯಾಗಿನಲ್ಲಿ ಇಡೀ ದಿನದ ಮೂತ್ರ ಬೆಚ್ಚಗೆ ಕೂತಿರುತ್ತದೆ. ಕೆಥೀಟರ್ ಹಾಕಿ ಎರಡು ವಾರ ದಾಟಿದ್ದರೆ ಅದರ ಒಳಗೋಡೆಯಲ್ಲಿ ಬ್ಯಾಕ್ಟೀರಿಯಾದ ಲೋಳೆಪದರ ಕಟ್ಟಿರುತ್ತದೆ. ಹಾಗಾಗಿ ಹೊಸ ಕೆಥೀಟರ್ ಹಾಕಿ ಅದರಿಂದ ತೆಗೆದ ಮಾದರಿಯೇ ನಿಜ ಹೇಳುವುದು. ಕಫವಾದರೆ ಬಾಯಿ ಮುಕ್ಕಳಿಸಿ ಎದೆಯಾಳದಿಂದ ಕೆಮ್ಮಿ ತೆಗೆದದ್ದು ಬೇಕು, ಎಂಜಲು ಕೊಟ್ಟರೆ ಲ್ಯಾಬಿನವರು ಅದನ್ನು ತಿರಸ್ಕರಿಸಬಹುದು. ಗಾಯದ ಕೀವನ್ನೂ ಮೇಲಿನಿಂದ ಒರೆಸಿ ತೆಗೆಯುವುದಕ್ಕಿಂತ ತೊಳೆದು ಆಳದಿಂದ ತೆಗೆಯುವುದು ಒಳ್ಳೆಯದು.

ಲ್ಯಾಬಿನೊಳಗಿನ ಎರಡು ಮೂರು ದಿನ

“ಬೆಳಿಗ್ಗೆ ಕೊಟ್ಟದ್ದು ಸಂಜೆಗೆ ಸಿಗುವುದಿಲ್ಲವಾ?” ಎಂದು ಕೇಳುವವರಿಗೆ: ಬ್ಯಾಕ್ಟೀರಿಯಾ ಬೆಳೆಯಲು ಒಂದು ರಾತ್ರಿ ಬೇಕು. ಬೆಳೆದದ್ದು ಯಾವುದು ಎಂದು ಗುರುತಿಸಿ, ಒಂದೊಂದು ಮದ್ದಿನ ಎದುರು ಅದನ್ನು ನಿಲ್ಲಿಸಿ ನೋಡಲು ಇನ್ನೊಂದು ರಾತ್ರಿ ಬೇಕು. ಹಳೆಯ ವಿಧಾನದಲ್ಲಿ ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ಮೇಲೆ 6 ಮಿಲಿಮೀಟರಿನ ಮದ್ದಿನ ಬಿಲ್ಲೆಗಳನ್ನಿಟ್ಟು, ಸುತ್ತ ಬೆಳೆಯದೆ ಉಳಿದ ವೃತ್ತವನ್ನು ಅಳೆಯುತ್ತೇವೆ. ಈಗ ಹಲವು ಕಡೆ ಯಂತ್ರವೇ ಅಳೆಯುತ್ತದೆ. ಮೂತ್ರಕ್ಕೆ 48 ಗಂಟೆಯ ಹತ್ತಿರ, ರಕ್ತದ ಬಾಟಲಿಯನ್ನು 5 ದಿನದವರೆಗೂ ಕಾಯುತ್ತಾರೆ. ನಡುವೆ ಪ್ರಾಥಮಿಕ ರಿಪೋರ್ಟ್ ಒಂದು ಸಿಗುತ್ತದೆ, ಅದನ್ನೂ ಕೇಳಿ.

ರಿಪೋರ್ಟ್ ಓದುವುದು

ಮೇಲಿನಿಂದ ಕೆಳಗೆ ಓದಿ. ಜನ ನೇರ ಕೆಳಗಿನ ಮದ್ದಿನ ಪಟ್ಟಿಗೆ ಹೋಗಿ ಎಷ್ಟು ಆರ್ (R) ಇದೆ ಎಂದು ಲೆಕ್ಕ ಹಾಕಿ ಹೆದರುತ್ತಾರೆ.

ಮೊದಲು ಹೆಸರು, ವಯಸ್ಸು, ಮಾದರಿ ಯಾವುದು, ತೆಗೆದ ದಿನಾಂಕ ಯಾವುದು ನೋಡಿ. ರಕ್ತದಲ್ಲಿ ಬೆಳೆದ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದು ಮಾತು, ಹಾಸಿಗೆ ಹುಣ್ಣಿನ ಮೇಲ್ಮೈಯಲ್ಲಿ ಬೆಳೆದ ಕ್ಲೆಬ್ಸಿಯೆಲ್ಲಾ ಬೇರೆಯೇ ಮಾತು. ರಕ್ತದಲ್ಲಿದ್ದರೆ ಅದು ಸೋಂಕು. ಹುಣ್ಣಿನ ಮೇಲೆ, ಕೆಥೀಟರಿನಲ್ಲಿ ಇದ್ದರೆ ಅದು ಸುಮ್ಮನೆ ಬಿಡಾರ ಹೂಡಿರಲೂ ಸಾಕು.

ಮೂತ್ರದ ರಿಪೋರ್ಟಿನಲ್ಲಿ ಬ್ಯಾಕ್ಟೀರಿಯಾದ ಒಂದು ಎಣಿಕೆ ಇರುತ್ತದೆ. ಒಂದು ಎಂ.ಎಲ್.ಗೆ 1 ಲಕ್ಷ ಅಥವಾ ಹೆಚ್ಚು ಎಂದಿದ್ದರೆ ಸಾಮಾನ್ಯವಾಗಿ ಗಣನೀಯ. ಆದರೆ ಜ್ವರವಿಲ್ಲ, ಉರಿಯಿಲ್ಲ, ಹೊಟ್ಟೆನೋವಿಲ್ಲ, ಸುಮ್ಮನೆ ಎಣಿಕೆ ಮಾತ್ರ ಇದೆ ಎಂದಾದರೆ ಬಹುತೇಕರಿಗೆ ಆಂಟಿಬಯೋಟಿಕ್ ಬೇಕಾಗುವುದಿಲ್ಲ. ಗರ್ಭಿಣಿಯರು ಮತ್ತು ಮೂತ್ರನಾಳದ ಆಪರೇಷನ್‌ಗೆ ಹೋಗುವವರು ಇದಕ್ಕೆ ಮುಖ್ಯ ಹೊರತು. ನಮ್ಮ ಕಡೆ ಅತಿ ಹೆಚ್ಚು ಮದ್ದು ವ್ಯರ್ಥವಾಗುವುದು ಈ ಒಂದು ಜಾಗದಲ್ಲಿ ಎಂಬುದು ನನ್ನ ಅನುಭವ. ಮೂರು ನಾಲ್ಕು ಜಾತಿ ಒಟ್ಟಿಗೆ ಬೆಳೆದಿದೆ ಎಂದಿದ್ದರೆ ಮಾದರಿ ಹಿಡಿಯುವಾಗ ತಪ್ಪಾಗಿರುವುದೇ ಹೆಚ್ಚು. ಮತ್ತೊಮ್ಮೆ ಕೊಡಬೇಕಾ ಎಂದು ಕೇಳಿ.

ಈಗ ಪಟ್ಟಿ. ಎಸ್ ಎಂದರೆ ಮಾಮೂಲಿ ಡೋಸಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆ. ಆರ್ ಎಂದರೆ ಬಗ್ಗುವುದಿಲ್ಲ. ಐ ಎಂದರೆ ಅರ್ಧಂಬರ್ಧ ಎಂದು ಜನ ತಿಳಿಯುತ್ತಾರೆ. ಹೆಚ್ಚು ಡೋಸ್ ಕೊಟ್ಟರೆ, ಅಥವಾ ಮೂತ್ರದಂತೆ ಮದ್ದು ತಾನಾಗಿಯೇ ಗಟ್ಟಿಯಾಗಿ ಸೇರುವ ಜಾಗವಾದರೆ ಕೆಲಸ ಮಾಡಬಹುದು ಎಂಬುದು ಅದರ ಸರಿಯಾದ ಅರ್ಥಕ್ಕೆ ಹತ್ತಿರ. ಕೊಲಿಸ್ಟಿನ್ ಎಂಬ ಕೊನೆಯ ಸಾಲಿನ ಮದ್ದಿಗೆ ಹಲವು ಲ್ಯಾಬುಗಳು ಬಳಸುವ ಅಮೆರಿಕದ ಮಾನದಂಡದಲ್ಲಿ 2020ರಿಂದ ಎಸ್ ಎಂಬ ವರ್ಗವೇ ಇಲ್ಲ. ಅದರ ಎದುರು ಐ ಕಂಡರೆ ಲ್ಯಾಬಿನವರ ತಪ್ಪಲ್ಲ.

ಅಕ್ಷರದ ಪಕ್ಕದ ಅಂಕಿ ಎಂಐಸಿ, ಅಂದರೆ ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲಿಸಲು ಬೇಕಾದ ಅತಿ ಕಡಿಮೆ ಪ್ರಮಾಣ. ಚಿಕ್ಕ ಅಂಕಿ ಇದ್ದ ಮದ್ದೇ ಒಳ್ಳೆಯದು ಎಂದು ಓದಿ ತಿಳಿದವರೂ ತಪ್ಪುತ್ತಾರೆ. ಇ. ಕೋಲೈಗೆ ಸಿಪ್ರೊಫ್ಲಾಕ್ಸಾಸಿನ್ ಎದುರು 0.5, ಅಮಿಕಾಸಿನ್ ಎದುರು 2 ಎಂದಿದ್ದರೆ ಸಿಪ್ರೊ ಉತ್ತಮ ಎಂದು ಕಾಣುತ್ತದೆ. ಆದರೆ ಸಿಪ್ರೊಗೆ ಅದೇ ಮಾನದಂಡದಲ್ಲಿ ಎಸ್ ಎನಿಸಲು 0.25 ಅಥವಾ ಕಡಿಮೆ ಇರಬೇಕು, ಹಾಗಾಗಿ ಆ 0.5 ಐ ಆಗುತ್ತದೆ. ಅಮಿಕಾಸಿನ್‌ನ 2 ಎಸ್ ಆಗುತ್ತದೆ. ಅಡಿಕೆಯ ಧಾರಣೆಯನ್ನು ತೆಂಗಿನಕಾಯಿಯ ಧಾರಣೆಯೊಂದಿಗೆ ಇಟ್ಟು ನೋಡಿದ ಹಾಗೆ ಇದು, ಎರಡು ಮದ್ದಿನ ಅಂಕಿ ಹೋಲಿಸಲು ಬರುವುದಿಲ್ಲ.

ಎಸ್ ಇದ್ದ ಮದ್ದನ್ನೆಲ್ಲ ಕೊಡಬಹುದೆಂದೂ ಅಲ್ಲ. ನೈಟ್ರೋಫ್ಯುರಾಂಟೋಯಿನ್ ಮೂತ್ರಕೋಶದ ಸೋಂಕಿಗೆ ಚೆನ್ನ, ರಕ್ತಕ್ಕೋ ಕಿಡ್ನಿಗೋ ಸೋಂಕು ಏರಿದ್ದರೆ ಅಲ್ಲಿಗೆ ಅದು ಸಾಕಷ್ಟು ತಲುಪುವುದಿಲ್ಲ. ಡ್ಯಾಪ್ಟೊಮೈಸಿನ್ ಶ್ವಾಸಕೋಶದಲ್ಲಿ ಕೆಲಸ ಮಾಡುವುದಿಲ್ಲ. ಅಮಿಕಾಸಿನ್, ಕೊಲಿಸ್ಟಿನ್ ಎರಡೂ ಕಿಡ್ನಿಗೆ ಭಾರ. ಹೀಗಾಗಿ “ಇದಕ್ಕೆ ಎಸ್ ಇದೆಯಲ್ಲ, ಇದನ್ನು ಯಾಕೆ ಕೊಡಲಿಲ್ಲ?” ಎಂದು ಕೇಳಿದರೆ ಡಾಕ್ಟರಲ್ಲಿ ಉತ್ತರವಿರುತ್ತದೆ. ಕೇಳಿ, ಆದರೆ ಆರೋಪದ ದನಿಯಲ್ಲಿ ಬೇಡ.

ಪಟ್ಟಿ ಚಿಕ್ಕದಿದ್ದರೆ ಲ್ಯಾಬ್ ಕಡಿಮೆ ಪರೀಕ್ಷೆ ಮಾಡಿದೆ ಎಂದು ದೂರುವವರಿದ್ದಾರೆ. ಸಾದಾ ಮದ್ದು ಸಾಕಾಗುವಲ್ಲಿ ದೊಡ್ಡ ಮದ್ದುಗಳ ಫಲಿತಾಂಶವನ್ನು ಬೇಕೆಂದೇ ಮುಚ್ಚಿಡುವುದು ಒಳ್ಳೆಯ ಲ್ಯಾಬಿನ ಲಕ್ಷಣ. ವಿಶ್ವ ಆರೋಗ್ಯ ಸಂಸ್ಥೆ ಆಂಟಿಬಯೋಟಿಕ್‌ಗಳನ್ನು ಆಕ್ಸೆಸ್ (ಮೊದಲು ಬಳಸುವವು), ವಾಚ್ (ಎಚ್ಚರಿಕೆಯಿಂದ ಬಳಸುವವು), ರಿಸರ್ವ್ (ಕೊನೆಗೆಂದು ಕಾಯ್ದಿಡುವವು) ಎಂದು ಮೂರು ಗುಂಪು ಮಾಡಿದ್ದು ಇದೇ ಉದ್ದೇಶಕ್ಕೆ.

ಕೆಳಗೆ ಷರಾ ಇರುತ್ತದೆ, ಅದನ್ನು ಬಿಡಬೇಡಿ. ಇಎಸ್‌ಬಿಎಲ್ ಎಂದಿದ್ದರೆ ಆ ಬ್ಯಾಕ್ಟೀರಿಯಾ ಸೆಫ್ಟ್ರಿಯಾಕ್ಸೋನ್‌ನಂಥ ಮದ್ದನ್ನು ಕತ್ತರಿಸುವ ಕಿಣ್ವ ತಯಾರಿಸುತ್ತದೆ. ಗಂಭೀರ ಸೋಂಕಿಗೆ ಆಗ ಮೆರೊಪೆನೆಮ್‌ನ ಗುಂಪು, ಅಂದರೆ ಕಾರ್ಬಪೆನೆಮ್‌ಗಳು, ಬೇಕಾಗುತ್ತದೆ. ಮೆರೊಪೆನೆಮ್‌ಗೂ ಆರ್ ಬಂದರೆ ಕಾರ್ಬಪೆನೆಮ್ ಪ್ರತಿರೋಧ ಎಂದು ಬರೆಯುತ್ತಾರೆ. 2009ರಲ್ಲಿ ವೈದ್ಯಲೋಕಕ್ಕೆ ವರದಿಯಾದ, ನವದೆಹಲಿಯ ಹೆಸರು ಹೊತ್ತ ಎನ್‌ಡಿಎಂ ಎಂಬ ಕಿಣ್ವ ಇಂಥ ಪ್ರತಿರೋಧ ತರುವವುಗಳಲ್ಲಿ ಒಂದು. ಆಗ ಉಳಿಯುವ ದಾರಿ ಕೆಲವೇ, ದುಬಾರಿ. ಎಂಆರ್‌ಎಸ್‌ಎ ಎಂದಿದ್ದರೆ ಅದು ಸ್ಟೆಫಿಲೊಕಾಕಸ್ ಆರಿಯಸ್, ಪೆನಿಸಿಲಿನ್ ಕುಟುಂಬದ ಬಹುತೇಕ ಮದ್ದುಗಳಿಗೆ ಬಗ್ಗದ್ದು. ಅದಕ್ಕೆ ವ್ಯಾಂಕೊಮೈಸಿನ್, ಲಿನೆಝೋಲಿಡ್‌ನಂಥವು ಇವೆ. ಇಎಸ್‌ಬಿಎಲ್, ಕಾರ್ಬಪೆನೆಮ್ ಪ್ರತಿರೋಧ, ಎಂಆರ್‌ಎಸ್‌ಎ, ಈ ಮೂರರಲ್ಲಿ ಯಾವುದಾದರೂ ಒಂದು ಪದ ಕಂಡರೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಇಡಿ.

ರೌಂಡ್ಸ್‌ಗೆ ಬಂದ ಡಾಕ್ಟರಲ್ಲಿ

ಸಮಯ ಎರಡು ನಿಮಿಷ ಸಿಗುತ್ತದೆ. ನಾನಾದರೆ ಇಷ್ಟು ಕೇಳುತ್ತೇನೆ: ಇದು ಸೋಂಕೋ ಸುಮ್ಮನೆ ಇರುವ ಬ್ಯಾಕ್ಟೀರಿಯಾವೋ? ರಿಪೋರ್ಟ್ ನೋಡಿದ ಮೇಲೆ ಮದ್ದು ಬದಲಿಸಲಿಕ್ಕಿದೆಯಾ, ಇನ್ನೂ ಸಣ್ಣ ಮದ್ದಿಗೆ ಇಳಿಯಬಹುದಾ? ಒಟ್ಟು ಎಷ್ಟು ದಿನ? ಕೆಥೀಟರ್ ಇನ್ನೂ ಬೇಕಾ? ಈ ಕೊನೆಯ ಪ್ರಶ್ನೆಯನ್ನು ದಿನವೂ ಕೇಳಿ. ಕೆಥೀಟರ್ ಇದ್ದ ಪ್ರತಿ ದಿನಕ್ಕೂ ನೂರರಲ್ಲಿ 3ರಿಂದ 7 ಜನರ ಮೂತ್ರಕ್ಕೆ ಹೊಸದಾಗಿ ಬ್ಯಾಕ್ಟೀರಿಯಾ ಸೇರುತ್ತದೆ, ತಿಂಗಳಾದರೆ ಬಹುತೇಕ ಎಲ್ಲರಿಗೂ.

ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಹೆಚ್ಚಿದ್ದದ್ದು, ಹಿಂದೆ ಯಾವುದಾದರೂ ಮದ್ದಿಗೆ ಮೈಯೆಲ್ಲ ದಡಿಕೆ ಎದ್ದದ್ದು, ಕಳೆದ ಮೂರು ತಿಂಗಳಲ್ಲಿ ತೆಗೆದುಕೊಂಡ ಆಂಟಿಬಯೋಟಿಕ್, ಇವನ್ನು ಅವರು ಕೇಳದಿದ್ದರೂ ನೀವೇ ಹೇಳಿ.

ಬೈಸ್ಟ್ಯಾಂಡರ್ ಕೈ

ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಗಾಳಿಯಲ್ಲಿ ಹಾರುವುದಕ್ಕಿಂತ ಕೈಯಲ್ಲಿ ಹೋಗುವುದೇ ಹೆಚ್ಚು. ಮೂತ್ರದ ಬ್ಯಾಗ್ ಖಾಲಿ ಮಾಡಿದ ಕೈಯಲ್ಲಿ ಪಕ್ಕದ ಬೆಡ್ಡಿನವರಿಗೆ ನೀರು ಕೊಡುವುದು ನಮ್ಮ ಊರಿನ ಒಳ್ಳೆಯ ಗುಣವೇ, ಆದರೆ ನಡುವೆ ಕೈ ತೊಳೆಯಬೇಕು. ಮುಟ್ಟುವ ಮೊದಲು, ಮುಟ್ಟಿದ ಮೇಲೆ. ಹತ್ತು ಜನ ನೋಡಲು ಬರುವುದನ್ನು ತಡೆಯಿರಿ, ಬಂದವರು ಮಂಚದ ಮೇಲೆ ಕೂರದಿರಲಿ. ರೋಗಿಯನ್ನು ಬೇರೆ ಕೋಣೆಗೆ ಹಾಕಿದರೆ ಅವಮಾನ ಎಂದು ತಿಳಿಯಬೇಡಿ.

ಮನೆಗೆ ಬಂದ ಮೇಲೆ

ಕೇರಳದಲ್ಲಿ ಪಂಚಾಯತ್ ಮಟ್ಟದ, ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುವ ಪ್ಯಾಲಿಯೇಟಿವ್ ಹೋಂ ಕೇರ್ ಇರುವುದು ನಮ್ಮ ಪುಣ್ಯ. ನರ್ಸ್ ಮನೆಗೇ ಬಂದು ಕೆಥೀಟರ್ ಬದಲಿಸುತ್ತಾರೆ. ಅವರಿಗೆ ಕಲ್ಚರ್ ರಿಪೋರ್ಟ್ ತೋರಿಸಿ. ಬ್ಯಾಗ್ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ, ಪೂರ್ತಿ ತುಂಬುವವರೆಗೆ ಬಿಡಬೇಡಿ, ಟ್ಯೂಬಿನ ಜೋಡಣೆ ಬಿಚ್ಚಬೇಡಿ. ಮೂತ್ರ ಮಬ್ಬಾಗಿದೆ, ವಾಸನೆ ಇದೆ ಎಂಬಷ್ಟಕ್ಕೇ ಕಲ್ಚರ್‌ಗೆ ಕೊಡುವುದು, ಗುಣವಾದ ಮೇಲೆ “ಕ್ಲಿಯರ್ ಆಗಿದೆಯಾ” ಎಂದು ಮತ್ತೆ ಕೊಡುವುದು, ಎರಡೂ ಬೇಡ. ಕೊಟ್ಟರೆ ಏನಾದರೂ ಬೆಳೆದೇ ಬೆಳೆಯುತ್ತದೆ, ಮತ್ತೆ ಮದ್ದಿನ ಸುತ್ತು ಶುರು. ಜ್ವರ, ಚಳಿ, ತಬ್ಬಿಬ್ಬು, ಸೊಂಟದ ಬದಿ ನೋವು ಬಂದರೆ ಮಾತ್ರ ತಡಮಾಡದೆ ಹೋಗಬೇಕು.

ಡಾಕ್ಟರು ಹೇಳಿದಷ್ಟು ದಿನ ಮದ್ದು ತೆಗೆದುಕೊಳ್ಳಿ, ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಬೇಡಿ, ಇನ್ನೂ ಒಂದು ವಾರ ಇರಲಿ ಎಂದು ನೀವೇ ಮುಂದುವರಿಸಲೂ ಬೇಡಿ. ಸ್ಟ್ರಿಪ್ ಹಿಂದಿನ ಕೆಂಪು ಗೆರೆ ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂಬುದರ ಗುರುತು. ಕೇರಳ ಸರಕಾರ 2018ರಲ್ಲಿ ಈ ಪ್ರತಿರೋಧವನ್ನು ತಡೆಯಲು ಕಾರ್ಸಾಪ್ ಎಂಬ ಕಾರ್ಯಯೋಜನೆ ತಂದಿತು. 2024ರ ಜನವರಿಯಲ್ಲಿ ಆಪರೇಷನ್ ಅಮೃತ್ ಎಂದು ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಅಂಗಡಿಗಳ ತಪಾಸಣೆ ಶುರುಮಾಡಿತು. ಅಂಗಡಿಯವರು ಕೊಡುವುದಿಲ್ಲ ಎಂದಾಗ ಅವರ ಮೇಲೆ ರೇಗಬೇಡಿ, ಅವರು ಸರಿಯಾದದ್ದನ್ನೇ ಮಾಡುತ್ತಿದ್ದಾರೆ. ಪಕ್ಕದ ಮನೆಯಲ್ಲಿ ಉಳಿದ ನಾಲ್ಕು ಮಾತ್ರೆ ತಂದು ನುಂಗುವುದು ಚೀಟಿಯಿಲ್ಲದೆ ಕೊಳ್ಳುವಷ್ಟೇ ಕೆಟ್ಟದ್ದು.

ಡಿಸ್ಚಾರ್ಜ್ ದಿನ, ಗಡಿ ದಾಟುವ ಫೈಲು

ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಎಲ್ಲರೂ ಇದನ್ನು ಮರೆಯುತ್ತಾರೆ. “ಬಾಕಿ ಇರುವ ಕಲ್ಚರ್ ಯಾವುದಾದರೂ ಇದೆಯಾ?” ಎಂದು ವಾರ್ಡಿನ ನರ್ಸಲ್ಲಿ ಕೇಳಿ. ಇದ್ದರೆ ಲ್ಯಾಬ್ ನಂಬರು, ರಿಪೋರ್ಟ್ ಸಿಗುವ ದಿನ, ಲ್ಯಾಬಿನ ಫೋನ್ ಬರೆದುಕೊಂಡು ಆ ದಿನ ಯಾರು ಹೋಗಿ ತರುವುದು ಎಂದು ಅಲ್ಲೇ ನಿಶ್ಚಯ ಮಾಡಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಬ್ಯಾಕ್ಟೀರಿಯಾದ ಹೆಸರು ಮಾತ್ರ ಇದ್ದು ಎಸ್, ಆರ್ ಪಟ್ಟಿ ಇಲ್ಲದಿದ್ದರೆ ಮೂಲ ರಿಪೋರ್ಟಿನ ಪ್ರತಿ ಕೇಳಿ ಪಡೆಯಿರಿ. ಮೊಬೈಲಿನಲ್ಲಿ ಫೋಟೋ ತೆಗೆದು ಮನೆಯ ಇಬ್ಬರಿಗಾದರೂ ಕಳಿಸಿ, ಯಾಕೆಂದರೆ ನಡುರಾತ್ರಿ ಆಂಬುಲೆನ್ಸ್ ಹತ್ತುವುದು ಫೈಲು ಎಲ್ಲಿದೆ ಎಂದು ಗೊತ್ತಿಲ್ಲದ ಮಗನೇ ಆಗಿರುತ್ತಾನೆ.

ಫೈಲಿನ ಮೊದಲ ಹಾಳೆ ನೀವೇ ಬರೆಯಿರಿ. ಡಾಕ್ಟರಿಗೆ ಓದಲು ಇಂಗ್ಲಿಷಿನಲ್ಲಿದ್ದರೆ ಅನುಕೂಲ, ಮಕ್ಕಳಲ್ಲಿ ಬರೆಸಿ. ನನ್ನ ನೆರೆಮನೆಯ ಆ ಹಿರಿಯರ ಫೈಲಿನಲ್ಲಿ ಈಗ ಇರುವ ಹಾಳೆಯ ಸಾರ ಹೀಗಿದೆ:

ವಯಸ್ಸು 74. ಸಕ್ಕರೆ ಕಾಯಿಲೆ, ಕೆಥೀಟರ್ ಇದೆ, ಬದಲಿಸಿದ ದಿನಾಂಕ ಕೆಳಗಿದೆ. ಕೊನೆಯ ಕಲ್ಚರ್: ಮೂತ್ರ, ಇ. ಕೋಲೈ, ಇಎಸ್‌ಬಿಎಲ್. ಸೆಫ್ಟ್ರಿಯಾಕ್ಸೋನ್ ಆರ್, ಸಿಪ್ರೊ ಆರ್, ಅಮಿಕಾಸಿನ್ ಎಸ್, ಮೆರೊಪೆನೆಮ್ ಎಸ್. ಕ್ರಿಯಾಟಿನಿನ್ ಹೆಚ್ಚು. ಸಲ್ಫಾ ಮದ್ದಿಗೆ ಅಲರ್ಜಿ. ಇದುವರೆಗೆ ಕೊಟ್ಟ ಆಂಟಿಬಯೋಟಿಕ್, ಎಷ್ಟು ದಿನ, ಎಲ್ಲಿ. ಪೂರ್ತಿ ರಿಪೋರ್ಟ್ ಮುಂದಿನ ಪುಟದಲ್ಲಿ.

ಮಳೆಗಾಲದಲ್ಲಿ ಅವರಿಗೆ ಮತ್ತೆ ಜ್ವರ ಬಂತು. ತಲಪಾಡಿಯಾಚೆಯ ಆಸ್ಪತ್ರೆಯ ಕ್ಯಾಶುವಾಲಿಟಿಯಲ್ಲಿ ಸೊಸೆ ಆ ಹಾಳೆಯನ್ನು ಮೊದಲು ಕೊಟ್ಟಳು, ಆಮೇಲೆ ಹೆಸರು ಹೇಳಿದಳು. ಡ್ಯೂಟಿ ಡಾಕ್ಟರು ಓದಿ, ರಕ್ತ ಮತ್ತು ಮೂತ್ರದ ಕಲ್ಚರ್ ತೆಗೆಸಿ, ಆ ಗಂಟೆಯೊಳಗೇ ಸೆಫ್ಟ್ರಿಯಾಕ್ಸೋನ್ ಬಿಟ್ಟು ಬೇರೆ ಮದ್ದು ಶುರುಮಾಡಿದರು. ಆರನೇ ದಿನ ಅವರು ಮನೆಗೆ ಬಂದರು. ಹಾಳೆಯ ಕೆಳಗೆ ಸೊಸೆ ಹೊಸ ದಿನಾಂಕ ಬರೆದು, ಫೈಲನ್ನು ಮತ್ತೆ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಾಳೆ.